ಎಲ್ಲಾ ಸ್ಪೀಕರ್‌ನ್ಯಾಗ ಐತಿ

ಎಲ್ಲ ಅನರ್ಥಕ್ಕೂ ಒಂದು ಹಲ್ಲಿ ಕಾರಣ. ಬೆಚ್ಚಗಿನ ಜಾಗ ಹುಡುಕುತ್ತ ಅದು ವಿರುಪಾಕ್ಷಪ್ಪನ ಹಳೆಯ ಆಂಪ್ಲಿಫೈಯರಿನೊಳಗೆ ಹೊಕ್ಕಿತು. ಅವನು ಸ್ವಿಚ್ ಒತ್ತಿದ. ಹಲ್ಲಿಯೂ ಆಂಪ್ಲಿಫೈಯರೂ ಕೂಡಿಯೇ ಪ್ರಾಣ ಬಿಟ್ಟವು.

ವಿರುಪಾಕ್ಷಪ್ಪ ಶಿರಗುಪ್ಪಿಯ ಹತ್ತಿರದ ಸಕ್ಕರೆ ಕಾರ್ಖಾನೆಯಲ್ಲಿ ಕೆಮಿಸ್ಟ್. ದಿನವಿಡೀ ಕಬ್ಬು ಅರೆಯುವ ಗಾಣಗಳ ಗದ್ದಲ ಕೇಳಿದ ಕಿವಿಗೆ ಸಂಜೆ ಒಂದು ತಾಸು ಸಿತಾರ್ ಬಿದ್ದರೆ ಮಾತ್ರ ಅವನು ಮನುಷ್ಯನಾಗುತ್ತಿದ್ದ. ಕಾಲೇಜಿನ ದಿನಗಳಲ್ಲಿ ಕೊಲ್ಲಾಪುರದಿಂದ ತಂದ ಜೋಡಿ ಸ್ಪೀಕರ್‌ಗಳನ್ನು ಇಂದಿಗೂ ಹಸುಗೂಸಿನಂತೆ ಒರೆಸಿಡುತ್ತಿದ್ದ. ಆಂಪ್ಲಿಫೈಯರ್ ಸತ್ತ ಮೇಲೆ ಗಾಣಗಳು ಅವನ ನಿದ್ದೆಯಲ್ಲೂ ತಿರುಗತೊಡಗಿದವು.

ರಜೆಯ ದಿನ ಹೊಸದು ತರಲು ಹೊರಟ.

"ನನ್ನ ಮಿಕ್ಸರ್‌ಗಿಂತ ತುಟ್ಟಿದು ತಂದ್ರ ಒಳಗ ಕಾಲಿಡಬ್ಯಾಡ್ರಿ," ಎಂದು ಹೆಂಡತಿ ಕಸ್ತೂರೆವ್ವ ಬಾಗಿಲಲ್ಲೇ ಬಜೆಟ್ ಮಂಡಿಸಿದಳು.

ಖರೀದಿಗೆ ಒಬ್ಬರೇ ಹೋಗುವ ಪದ್ಧತಿ ಆ ಓಣಿಯಲ್ಲಿಲ್ಲ. ಎಮ್ಮೆಯಿರಲಿ, ಸೀರೆಯಿರಲಿ, ಚೌಕಾಸಿಗೆ ಒಬ್ಬರು ಬೆನ್ನು ಹತ್ತಲೇಬೇಕು. ಎದುರು ಮನೆಯ ಲಗಮಣ್ಣ ಕರೆಯದೆಯೇ ಬೈಕಿನ ಹಿಂದೆ ಕುಳಿತ. ಅವನು ಟ್ರ್ಯಾಕ್ಟರಿನಲ್ಲಿ ಕಬ್ಬು ಸಾಗಿಸುವವನು. ಅಂದು ಅವನದು ಹಂಗಾಮಿನ ಕಡೇ ಟ್ರಿಪ್. ಹೂವು ಕಟ್ಟಿ, ಗುಲಾಲು ಎರಚಿ, ಹಾಡು ಹಚ್ಚಿಕೊಂಡು ಕಾರ್ಖಾನೆಗೆ ಹೋಗುವುದು ಆ ಕಡೆಯ ರೂಢಿ. ಹೀಗಾಗಿ ಆಂಪ್ಲಿಫೈಯರ್ ಎಂಬ ಮಾತು ಕಿವಿಗೆ ಬಿದ್ದಾಗಲೇ ಅವನು ಚಪ್ಪಲಿ ಮೆಟ್ಟಿದ್ದ.

ಕಾಗವಾಡದ ಅಂಗಡಿಯಲ್ಲಿ ಭರಮು ಎಂಬುವನು ಟ್ರಂಕಿನಷ್ಟು ದೊಡ್ಡದೊಂದನ್ನು ಮುಂದಿಟ್ಟ. ಲಗಮಣ್ಣ ಅದನ್ನು ಸಂತೆಯಲ್ಲಿ ಕುರಿ ಎತ್ತಿ ನೋಡುವಂತೆ ಎತ್ತಿ ನೋಡಿದ.

"ವಜ್ಜ ಐತ್ರಿ. ಇದನ್ನ ತಗೋರಿ ಸಾಹೇಬ್ರ."

ಭರಮು ಸ್ವಿಚ್ ಹಾಕಿದ. ಎದುರಿನ ಚಹಾದಂಗಡಿಯ ಕಪ್ಪು-ಬಸಿಗಳು ಕುಣಿದವು. "ಸಾವಿರ ವ್ಯಾಟ್ರಿ. ಹಚ್ಚಿದ್ರ ಮಿರಜದ ಮಂದಿ ಎದ್ದ ಕುಂದ್ರತಾರ."

"ಅವರನ್ನ ಎಬ್ಬಿಸಿ ನಾ ಏನ್ ಮಾಡ್ಲೋ? ನನಗ ನಿದ್ದಿ ಬೇಕಾಗೇತಿ," ಎಂದು ವಿರುಪಾಕ್ಷಪ್ಪ ಟಿಫಿನ್ ಡಬ್ಬಿಯಷ್ಟು ಸಣ್ಣದೊಂದನ್ನು ತೋರಿಸಿದ.

"ಇದಾ? ಸೊಳ್ಳಿ ಗುಂಯ್ ಅಂದಂಗ ಅಂತೈತ್ರಿ," ಎಂದ ಭರಮು.

ವಿರುಪಾಕ್ಷಪ್ಪನೊಳಗಿನ ಬಿ.ಎಸ್ಸಿ. ಎದ್ದು ಕುಳಿತಿತು. "ಸ್ಪೀಕರ್ ಚಲೋ ಇದ್ರ ಒಂದು ವ್ಯಾಟಿಗೇ ಕೋಣಿ ತುಂಬ್ತೈತಿ. ಆಂಪ್ಲಿಫೈಯರ್ ಸಣ್ಣದಿದ್ರೂ ನಡೀತೈತಿ. ಎಲ್ಲಾ ಸ್ಪೀಕರ್‌ನ್ಯಾಗ ಐತಿ. ನನ್ನ ಸ್ಪೀಕರ್ ಅಂಥಾವು ಈ ತಾಲೂಕಿನ್ಯಾಗ ಇಲ್ಲ."

ಕೊನೆಯ ವಾಕ್ಯ ಬೇಕಿರಲಿಲ್ಲ.

ಲಗಮಣ್ಣ ಅವನ ಕಡೆ ತಿರುಗಿದ. "ಎಲ್ಲಾ ಸ್ಪೀಕರ್‌ನ್ಯಾಗ ಐತೇನ್ರಿ? ಕಲತವ್ರು ಹೇಳೂದ ಬ್ಯಾರೆ ಬಿಡ್ರಿ." ಆಮೇಲೆ ಅವನೇ ಸಣ್ಣದಕ್ಕೆ ಚೌಕಾಸಿ ಮಾಡಿ, ಅದನ್ನು ಮಿಕ್ಸರಿಗಿಂತ ಅಗ್ಗಕ್ಕೆ ಇಳಿಸಿಕೊಟ್ಟ. ದೊಡ್ಡದನ್ನು ತನ್ನ ಟ್ರ್ಯಾಕ್ಟರಿಗೆಂದು ಒಂದು ದಿನದ ಬಾಡಿಗೆಗೆ ಹಿಡಿದ. ದಾರಿಯ ಪ್ರತಿ ತಗ್ಗಿಗೂ ಆ ಟ್ರಂಕು ವಿರುಪಾಕ್ಷಪ್ಪನ ಬೆನ್ನಿಗೆ ಗುದ್ದುತ್ತಿತ್ತು. ಆದರೂ ಬಹಳ ದಿನಗಳ ಮೇಲೆ ಒಂದು ವಾದ ಗೆದ್ದ ಸುಖದಲ್ಲಿ ಅವನಿಗೆ ಅದು ತಾಗಲೇ ಇಲ್ಲ.

ಮನೆಗೆ ಬಂದವನೇ ಕೆಂಪು ತಂತಿ ಕೆಂಪಿಗೆ, ಕರಿದು ಕರಿಗೆ ಎಂದು ಮತ್ತೆ ಮತ್ತೆ ನೋಡಿ ಜೋಡಿಸಿದ. ಸಿತಾರಿನ ಮೊದಲ ಮೀಟು ಹೊಮ್ಮಿತು. ತಲೆಯೊಳಗಿನ ಗಾಣಗಳು ಒಂದೊಂದಾಗಿ ನಿಂತವು. ಕಣ್ಣು ಮುಚ್ಚಿದ.

ತೆರೆದಾಗ ಎದುರಿಗೆ ಲಗಮಣ್ಣ, ಅವನ ಹಿಂದೆ ಗುಲಾಲು ಬಳಿದುಕೊಂಡ ನಾಲ್ಕು ಮುಖಗಳು.

"ನಿಮ್ಮ ಮಶೀನಿಗೆ ಕೈ ಹಚ್ಚಂಗಿಲ್ರಿ ಸಾಹೇಬ್ರ. ಅದು ನಿಮಗ ಇರ್ಲಿ. ಸ್ಪೀಕರ್ ಅಷ್ಟ ಕೊಡ್ರಿ."

"ಭರಮುನ ಹತ್ರ ಇದ್ದುವಲ್ಲೋ?"

"ಅವನ ಡಬ್ಬಾ ಸ್ಪೀಕರ್ ನಾ ಒಲ್ಲೆ ಅಂದೆ. ತಾಲೂಕಿನ್ಯಾಗ ಇಲ್ಲದ್ದು ಎದುರು ಮನ್ಯಾಗ ಇರೂಮುಂದ ಬಾಡಿಗಿ ಯಾಕ್ರಿ? ನೀವ ಹೇಳಿದ್ರೆಲ್ಲ, ಎಲ್ಲಾ ಸ್ಪೀಕರ್‌ನ್ಯಾಗ ಐತಿ ಅಂತ."

"ಲಗಮಣ್ಣ, ಸಾವಿರ ವ್ಯಾಟ್ ತಡಕೊಳ್ಳೂದಿಲ್ಲ ಅವು. ಸುಟ್ಟ ಹೋಗ್ತಾವು."

"ಕಾರ್ಖಾನಿ ತನಕ ಅಷ್ಟರಿ. ನಿಮ್ಮದ ಕಾರ್ಖಾನಿ."

ವಿರುಪಾಕ್ಷಪ್ಪ ಹೆಂಡತಿಯ ಕಡೆ ನೋಡಿದ. ಅವಳು ಅಡುಗೆಮನೆಯಿಂದಲೇ ತೀರ್ಪು ಕೊಟ್ಟಳು: "ಕೊಟ್ಟಬಿಡ್ರಿ. ದಿನಾ ಅವರ ಮನಿ ಮಜ್ಜಿಗಿ ಕುಡೀತೀರಿ."

ಸ್ಪೀಕರ್‌ಗಳು ಕಬ್ಬಿನ ಹೊರೆಯ ಮೇಲೆ ಹಗ್ಗ ಬಿಗಿಸಿಕೊಂಡು ಹೊರಟವು. ಓಣಿಯ ತಗಡುಗಳು ನಡುಗಿದವು. ತಿರುವು ದಾಟುವಷ್ಟರಲ್ಲಿ ಕಬ್ಬಿನ ಒಣ ರವದಿ ಎಲೆ ಹರಿದಂಥ ಸದ್ದು ಬಂತು. ಎಡದ್ದು ಹೋಯಿತು ಎಂದುಕೊಂಡ ವಿರುಪಾಕ್ಷಪ್ಪ. ಅರ್ಧ ಹಾಡು ಕಳೆದ ಮೇಲೆ ಬಲದ್ದೂ ಹೋಯಿತು. ಆಮೇಲೆ ಬರೀ ಟ್ರ್ಯಾಕ್ಟರಿನ ಗುಡುಗುಡು ಉಳಿಯಿತು. ಒಳಗೆ ಹೊಸ ಆಂಪ್ಲಿಫೈಯರಿನ ನೀಲಿ ದೀಪ ಯಾರಿಗೂ ಕೇಳಿಸದ ಸಿತಾರಿಗೆ ಉರಿಯುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಲಗಮಣ್ಣ ಬಂದ. ಚೆಂಡು ಹೂವಿನ ಹಾರ ಹಾಕಿ, ಕುಂಕುಮ ಹಚ್ಚಿದ್ದ ಸ್ಪೀಕರ್‌ಗಳನ್ನು ಕಟ್ಟೆಯ ಮೇಲೆ ಜೋಪಾನವಾಗಿ ಇಳಿಸಿದ. ಅವನ ಮುಖದಲ್ಲಿ ಮೋಸಹೋದವನ ನೋವಿತ್ತು.

"ನೀವು ಹೇಳಿದ್ದು ಖರೇ ಅಲ್ಲ ಬಿಡ್ರಿ ಸಾಹೇಬ್ರ," ಎಂದ. "ಸ್ಪೀಕರ್‌ನ್ಯಾಗ ಏನೂ ಇಲ್ಲ."

ಮೆಟ್ಟಿಲಿಳಿದವನು ತಿರುಗಿ ನಿಂತ. ಧ್ವನಿಯಲ್ಲಿ ಕ್ಷಮೆ ಇತ್ತು.

"ಇರ್ಲಿ. ಬರೂ ರಜಾಕ್ಕ ಚಲೋ ಸ್ಪೀಕರ್ ತರೂಣು. ಚೌಕಾಸಿಗೆ ನಾ ಬರ್ತೀನಿ."