ವಿಶ್ವಾಮಿತ್ರಿ ದಂಡೆಯ ಅಂಡಮಾನ್ ಬಾತು

ಭಾನುವಾರ ಬೆಳಗ್ಗೆ ಎಂಟು ಗಂಟೆ ನಲವತ್ತು ನಿಮಿಷಕ್ಕೆ ನಾನು ಕ್ಯಾಮೆರಾ ಸಮೇತ ವಡೋದರಾದ ವಿಶ್ವಾಮಿತ್ರಿ ನದಿಯ ದಂಡೆ ಇಳಿದೆ. ಭಾರತೀಯ ಪಕ್ಷಿಶಾಸ್ತ್ರಕ್ಕೆ ಹೊಸ ಅಧ್ಯಾಯ ಸೇರಿಸಲು!

ವಿಮಾ ಕಚೇರಿಯವರು ನನ್ನನ್ನು ಪೋರ್ಟ್ ಬ್ಲೇರಿನಿಂದ ಇಲ್ಲಿಗೆ ವರ್ಗ ಮಾಡಿದ್ದರು. ಅಲ್ಲಿ ಮೂರು ವರ್ಷ ಅಂಡಮಾನ್ ಬಾತುಗಳನ್ನು ನೋಡಿದ್ದೆ. ದ್ವೀಪ ಬಿಟ್ಟು ಕದಲದ ಕಂದು ಹಕ್ಕಿ. ಒಂದರ ಮುಖ ಇನ್ನೊಂದಕ್ಕಿಲ್ಲ: ಕೆಲವಕ್ಕೆ ಕಣ್ಣ ಸುತ್ತ ಬಿಳಿ ಬಳೆ, ಕೆಲವಕ್ಕೆ ಅರ್ಧ ಕೆನ್ನೆ ಬಿಳಿ, ಕೆಲವಕ್ಕೆ ತಲೆಯೆಲ್ಲ ಬಿಳಿ.

ದೀಪಾವಳಿಯ ಹಿಂದಿನ ವಾರ ಸೇತುವೆಯ ಮೇಲಿಂದ ಕಂದು ಬಾತೊಂದು ಕಂಡಿತು. ತಲೆಯೆಲ್ಲ ಬಿಳಿ! ಮರುದಿನ ಕಂಡದ್ದಕ್ಕೆ ಅರ್ಧ ಕೆನ್ನೆ. ಮೂರನೆಯ ದಿನದ್ದಕ್ಕೆ ಬರೀ ಬಳೆ. ಮೂರು ಹಕ್ಕಿಗಳು!

"ಮೂರೂ ಕೂಡಿ ಯಾಕ ಕಾಣಂಗಿಲ್ರೀ?" ಎಂದಳು ಹೆಂಡತಿ ಗಿರಿಜಾ. ಅವಳದು ಧಾರವಾಡ.

"ನಾಚಿಕೆ ಸ್ವಭಾವ."

"ನಿಮಗೂ ಒಂದೀಟು ಇದ್ದಿದ್ರ ಛೊಲೋ ಇತ್ತು. ಹೊಳಿಯೊಳಗ ಮೊಸಳಿ ಅದಾವು, ಕೆಳಗ ಇಳೀಬ್ಯಾಡ್ರಿ!"

ಇಳಿದೆ. ಮಣ್ಣಿನ ದಿಬ್ಬವೊಂದರ ಪಕ್ಕ ಚಪ್ಪಲಿ ಬಿಟ್ಟು, ನೀರಿನಂಚಿನಲ್ಲಿ ಬಗ್ಗಿ, ಈಜುತ್ತಿದ್ದ ಬಾತಿನತ್ತ ಕ್ಯಾಮೆರಾ ಹಿಡಿದು ಒಂದು ಕಣ್ಣು ಮುಚ್ಚಿದೆ.

"ಸಾಹೇಬ್! ಪೀಛೇ ಮಗರ್! ಮಗರ್!" ದಂಡೆಯ ಗುಡಿಸಲಿನ ರಮಿಲಾಬೆನ್ ಮೇಲಿನಿಂದ ಕಿರುಚಿದರು.

ತಿರುಗಿದೆ. ದಿಬ್ಬ ಎದ್ದು ನಿಂತಿತ್ತು!

ಹತ್ತಡಿ ಉದ್ದದ ಮೊಸಳೆ ಹೊಟ್ಟೆಯನ್ನು ನೆಲದಿಂದ ಪೂರ್ತಿ ಮೇಲೆತ್ತಿ ನೇರ ನನ್ನ ಕಡೆಗೇ ಓಡಿ ಬಂತು. ಅಷ್ಟು ಭಾರದ ಜೀವ, ಅಷ್ಟು ಹಗುರ ಹೆಜ್ಜೆ! ಬೆನ್ನಿನ ಏಣುಗಳ ಮೇಲೆ ಬಿಸಿಲು ಒಂದೊಂದಾಗಿ ಹತ್ತಿ ಇಳಿಯುತ್ತಿತ್ತು. ಓಡಬೇಕೆಂಬುದೇ ಮರೆತುಹೋಯಿತು. ಬಾಯಿ ತೆರೆದು ನಿಂತದ್ದು ನಾನು. ಅದರ ಬಾಯಿ ಮುಚ್ಚಿತ್ತು. ನನ್ನ ಮೊಣಕಾಲನ್ನು ಒರಸಿಕೊಂಡು ಹೋಗಿ ನೀರಿಗಿಳಿಯಿತು. ಒಂದು ಸದ್ದಿಲ್ಲ. ನೀರು ಮುಚ್ಚಿಕೊಂಡಿತು. ಆ ಒರಟು ಚರ್ಮ ಈಗಲೂ ಮೊಣಕಾಲಿಗೆ ತಾಗುತ್ತದೆ.

ರಮಿಲಾಬೆನ್ ನನ್ನನ್ನು ಮೇಲಕ್ಕೆಳೆದರು. ಹಿಂದೆಯೇ ಬಾತು ಕ್ವಾಕ್ ಕ್ವಾಕ್ ಎನ್ನುತ್ತ ಬಂದು ಅವರ ಸೀರೆಯ ಬಳಿ ನಿಂತಿತು.

"ಯೇ ತೋ ಮೇರೀ ಬತಕ್ ಹೈ!" ಅಂದರು. ಅವರೇ ಸಾಕಿದ ಬಾತು! ಹಬ್ಬಕ್ಕೆ ಗೋಡೆಗೆ ಬಳಿಯಲು ಕಲಸಿಟ್ಟ ಸುಣ್ಣದ ಬಕೆಟ್ಟಿಗೆ ಬಾತು ತಲೆ ಹಾಕಿತ್ತಂತೆ. ದಿನಾ ಈಜಿ ಈಜಿ ಸ್ವಲ್ಪ ಸ್ವಲ್ಪವೇ ತೊಳೆದುಹೋಗುತ್ತಿತ್ತು. ನನ್ನ ಮೂರೂ ಹಕ್ಕಿಗಳು ಅದೊಂದೇ!

ಮುಂದೆ ಒಂಬತ್ತು ರಾತ್ರಿ ನಿದ್ದೆಯಿಲ್ಲ. ಎರಡನೆಯ ಮಹಡಿಯ ಮನೆಯಲ್ಲಿ ಗಂಟೆಗೊಮ್ಮೆ ಮಂಚದ ಕೆಳಗೆ ಟಾರ್ಚು ಬಿಟ್ಟು ನೋಡುತ್ತಿದ್ದೆ. ಬೇಸತ್ತ ಗಿರಿಜಾ ಮಂಗಳವಾರ ನನ್ನನ್ನು ರಮಿಲಾಬೆನ್ ಎದುರು ತಂದು ನಿಲ್ಲಿಸಿ, "ಇವರಿಗೆ ಸಮಝಾಯಿಯೇ" ಎಂದು ಅರ್ಧ ಹಿಂದಿಯಲ್ಲಿ ಬುದ್ಧಿ ಹೇಳಲು ಕೇಳಿಕೊಂಡಳು.

ರಮಿಲಾಬೆನ್ ನಕ್ಕರು. "ಆಪ್ ಪಾನೀ ಕಾ ರಾಸ್ತಾ ರೋಕ್ ಕೇ ಖಡೇ ಥೇ, ಸಾಹೇಬ್. ವೋ ಬೇಚಾರಾ ಡರ್ ಕೇ ಭಾಗಾ!"

ಅಂದರೆ, ನೀರಿನ ದಾರಿಗೆ ಅಡ್ಡ ನಿಂತವನು ನಾನು. ಹೆದರಿ ಓಡಿದ್ದು ಮೊಸಳೆ!

"ಪಾಪ," ಎಂದಳು ಗಿರಿಜಾ, "ಅದಕ್ಕ ನಿದ್ದಿ ಹತ್ತಿತೋ ಇಲ್ಲೋ!"

ಅಂದು ರಾತ್ರಿ ಹತ್ತಕ್ಕೆ ಮಲಗಿದವನು ಎದ್ದದ್ದು ಬೆಳಗ್ಗೆ ಒಂಬತ್ತಕ್ಕೆ. ಮೊಸಳೆಯನ್ನೇ ಓಡಿಸಿದ ಗಂಡು, ಆಫೀಸಿಗೆ ಓಡಿದೆ!