ಸಿದ್ದಾರೂಢ ಫೋನು ಮಾಡದ ದಿನ

ಮುದ್ದೇಬಿಹಾಳದ ಪಾತ್ರೆ ಅಂಗಡಿಯ ಸಿದ್ದಾರೂಢನಿಗೆ ಹೆಂಡತಿ ವಿದ್ಯಾವತಿಯ ಮೇಲೆ ಪ್ರೀತಿ ಹೆಚ್ಚು. ಹೆಚ್ಚಾದದ್ದೇ ತೊಂದರೆ. ಹೊಲಿಗೆ ಕಲಿಸಲು ಅವಳು ನಾಲತವಾಡದ ಬಸ್ಸು ಹತ್ತಿದರೆ ಸಾಕು, ಇವನ ಫೋನು: "ಬಾಜೂಕ ಯಾರು ಕುಂತಾರ? ಗಂಡಸೋ, ಹೆಂಗಸೋ?" ನಿನ್ನೆ ಅದು ಬಸ್ಸಿಗೆಲ್ಲ ಕೇಳಿಸಿ ಜನ ನಕ್ಕಿದ್ದರು. ಮನೆಗೆ ಬಂದವಳು ಕಣ್ಣೊರೆಸಿಕೊಂಡು, "ಇದು ಪ್ರೀತಿ ಅಲ್ರಿ, ಮೂಗುದಾಣ," ಎಂದಿದ್ದಳು.

ಮಾತು ಸಿದ್ದಾರೂಢನಿಗೆ ನಾಟಿತು. ಬೇರೆಯವಳಾಗಿದ್ದರೆ ಎಂದೋ ಬಾಗೇವಾಡಿಯ ತವರಿಗೆ ಗಂಟು ಕಟ್ಟುತ್ತಿದ್ದಳು. ಇಷ್ಟು ದಿನ ತಾಳಿಕೊಂಡಳಲ್ಲ, ನನ್ನ ಪುಣ್ಯ ಎನಿಸಿತು. ಬೆಳಿಗ್ಗೆ ಅಂಗಡಿ ತೆರೆದವನೇ ಪಕ್ಕದ ಗಡಿಯಾರ ರಿಪೇರಿಯ ಕಾಸಿಂಸಾಬನ ಕೈಗೆ ಫೋನು ಕೊಟ್ಟ.

"ಚಾಚಾ, ಸಂಜಿತನಕ ಕೀಲಿ ಹಾಕಿ ಇಡ್ರಿ. ಕಾಲಿಗೆ ಬಿದ್ರೂ ಕೊಡಬ್ಯಾಡ್ರಿ."

"ಬೀಳೂದಂತೂ ಬೀಳ್ತಿ," ಎಂದ ಕಾಸಿಂಸಾಬ.

ಮಧ್ಯಾಹ್ನದೊಳಗೆ ಎರಡು ಸಲ ಬಿದ್ದ. ಕೊಡ ಕೇಳಿದವರಿಗೆ ಮುಚ್ಚಳ ಕೊಟ್ಟ. ಎದುರುಮನೆಯ ಮುದುಕಿ ಕಸ್ತೂರೆವ್ವ ಓಡಿಬಂದಳು.

"ಮುಂಜಾನಿಂದ ಒಮ್ಮೆನೂ 'ಬಾಜೂಕ ಯಾರು' ಅನ್ನಲಿಲ್ಲಲ್ಲೋ ತಮ್ಮಾ! ದೃಷ್ಟಿ ಆಗೇತಿ ನಿನಗ."

ಬೇಡವೆಂದರೂ ಬಿಡದೆ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ದೃಷ್ಟಿ ತಾಗಿದ್ದರೆ ಘಾಟು ಏಳಬಾರದು. ಇಲ್ಲಿ ಓಣಿಗೆ ಓಣಿಯೇ ಕೆಮ್ಮಿತು.

"ದೃಷ್ಟಿ ಅಲ್ಲಂದ್ರ ಇದು ಹೆಂಡ್ತಿ ಬಾಬತ್ತು!" ಎಂದು ಅವಳೇ ತೀರ್ಪು ಕೊಟ್ಟಳು. ದಳದಳ ಕಣ್ಣೀರು ಸುರಿಸುತ್ತ ಕುಳಿತ ಸಿದ್ದಾರೂಢನನ್ನು ಕಂಡ ಮೇಲೆ ಬೇರೆ ಸಾಕ್ಷಿ ಯಾರಿಗೆ ಬೇಕು? ವಿದ್ಯಾವತಿ ಗಂಡನನ್ನು ಬಿಟ್ಟು ತವರಿಗೆ ಹೋದಳೆಂದು ಪೇಟೆಯೆಲ್ಲ ಸುದ್ದಿಯಾಯಿತು.

"ಇಲ್ರೀ, ನಾಲತವಾಡಕ್ಕ ಹೋಗ್ಯಾಳ!"

"ಹಂಗಾದ್ರ ಒಂದ ಫೋನ್ ಹಚ್ಚು, ನಮ್ಮ ಮುಂದ ಮಾತಾಡ್ಲಿ," ಎಂದ ಓಣಿಯ ಹಿರಿಯ ರಾಚಪ್ಪ.

"ಅದೊಂದು ಬಿಟ್ಟು ಏನರ ಹೇಳ್ರಿ!"

ಅಲ್ಲಿಗೆ ಎಲ್ಲರಿಗೂ ಖಾತ್ರಿಯಾಯಿತು. ಸಂಜೆಗೆ ರಾಚಪ್ಪ ಕ್ರೂಸರ್ ಗಾಡಿ ತಂದ. "ನಡೀರಿ, ಬಾಗೇವಾಡಿಗೆ ಹೋಗಿ ಹುಡುಗಿನ್ನ ಕರಕೊಂಡ ಬರೂಣು." ಹಿರಿಯರೆಲ್ಲ ಹತ್ತಿ ಕುಳಿತರು. ಅಷ್ಟರಲ್ಲಿ ಕೈಚೀಲ ಹಿಡಿದು ವಿದ್ಯಾವತಿಯೇ ನಡೆದು ಬಂದಳು.

ಕಾಸಿಂಸಾಬ ಕೀಲಿ ತೆಗೆದು ಫೋನು ತೋರಿಸಿ ನಡೆದದ್ದೆಲ್ಲ ಹೇಳಿದ. ಅವಳ ಕಣ್ಣು ತುಂಬಿತು. "ನನ್ನ ಸಲುವಾಗಿ ಇಷ್ಟೆಲ್ಲಾ ತಡಕೊಂಡ್ರೇನ್ರಿ?"

"ನಂದು ಒಂದ ದಿನದ್ದು. ಇಷ್ಟು ದಿನ ತಡಕೊಂಡಾಕಿ ನೀನು," ಎಂದ ಸಿದ್ದಾರೂಢ. ಹೆಂಡತಿಗೆ ಕೈಮುಗಿಯಬೇಕೆಂದುಕೊಂಡ, ಜನರಿದ್ದರೆಂದು ಬಿಟ್ಟ.

"ಹ್ವಾದ ವರ್ಷ ನಾಗರಪಂಚಮಿಗೆ ತವರಿಗೆ ಹ್ವಾದ್ರ, ನಿಮ್ಮ ಫೋನಿನ ಕಾಟಕ್ಕ ಅವ್ವ ಮೂರನೇ ದಿನಕ್ಕ ತಿರುಗಿ ಕಳಿಸಿದ್ಲು. ಈ ಸಲ ಹೋಗೂದ ಬ್ಯಾಡ ಅಂತ ಸುಮ್ಮನಿದ್ದೆ. ಈಗ ಧೈರ್ಯ ಬಂತು ನೋಡ್ರಿ. ಕ್ಲಾಸಿಗೂ ನಾಳಿಂದ ಸೂಟಿ ಐತಿ, ಶ್ರಾವಣ ಪೂರ್ತಿ ಇದ್ದ ಬರ್ತೇನಿ. ಹೆಂಗೂ ಗಾಡಿ ಬಾಗೇವಾಡಿಗೇ ಹೊಂಟೈತಿ!"

ಕರೆತರಲು ಹತ್ತಿದ್ದ ಹಿರಿಯರು ಕಳಿಸಿಬರಲು ಹೊರಟರು. ಬಟ್ಟೆಯ ಚೀಲ ತಂದು ಗಾಡಿಯಲ್ಲಿಟ್ಟವನು ಸಿದ್ದಾರೂಢನೇ. ಬಾಜೂಕ ಯಾರು ಎಂಬ ಪ್ರಶ್ನೆ ಗಂಟಲಿಗೆ ಬಂತು. ನುಂಗಿಕೊಂಡು ಫೋನನ್ನು ಮತ್ತೆ ಕಾಸಿಂಸಾಬನಿಗೇ ಕೊಟ್ಟ.

ಗಾಡಿ ಮರೆಯಾಯಿತು. "ಯಾಕೋ ತಮ್ಮಾ, ಮತ್ತ ಕಣ್ಣೀರು?" ಎಂದಳು ಕಸ್ತೂರೆವ್ವ.

"ಘಾಟು, ಆಯಿ."

"ಮಧ್ಯಾಹ್ನದ ಘಾಟು ಈಗೆಲ್ಲಿ ಬಂತೋ?"

"ಹಂಗಾದ್ರ ಇನ್ನೆರಡು ಮೆಣಸಿನಕಾಯಿ ಸುಡ್ರಿ," ಎಂದ ಸಿದ್ದಾರೂಢ.