ಸೊಟ್ಟ ಗೀಟಿನ ಫೋಲ್ಡರು

ಲಸಾದನ ಮನೆಮಠ ಹಾಳಾದದ್ದು ಒಂದು ಸೊಟ್ಟ ಗೀಟಿನಿಂದ. ಆಫೀಸಿನ ಎಲ್ಲರೂ ಬಳಸುವ ಡಿಸ್ಕಿನಲ್ಲಿ ಫೋಲ್ಡರೊಂದು ಬಿದ್ದಿತ್ತು. ಹೊಟ್ಟೆನೋವು ಬಂದ ಹಲ್ಲಿಯಂತೆ ನುಲಿದುಕೊಂಡ ‘~’ ಎಂಬುದೇ ಅದರ ಹೆಸರು. ಒಳಗೆ ತಲೆಬುಡವಿಲ್ಲದ ಹೆಸರಿನ ಫೈಲುಗಳು.

“ಈ ಕಸ ನಿನ್ನ ಕಂಪ್ಯೂಟರಿಂದಾನೇ ಬಂದಿರೋದು. ಗುಡಿಸಾಕು ಮಗನೇ,” ಎಂದರು ಯಜಮಾನ ಸಿ ಶಾದ್ಲಿ. “ಸಂಜೆ ಹಾಜಿ ಕಮ್ಮೂನ್ ಬರ್ತಾರೆ. ಅವರ ಗಾಣದ ಪ್ರೋಗ್ರಾಂ ಹಿಡಿಸ್ತೋ, ನಿನ್ನ ಕೆಲಸ ಖಾಯಂ. ಇಲ್ಲಾಂದ್ರೆ ನೀನುಂಟು, ಬೀದಿಯುಂಟು.”

ಯಾರ ಆಲಿವ್ ಮೊದಲು ಅರೆಯಬೇಕೆಂದು ಸ್ಫಾಕ್ಸ್ ಊರಿನ ರೈತರು ಗಾಣದ ಮುಂದೆ ಕುತ್ತಿಗೆಪಟ್ಟಿ ಹಿಡಿಯುವುದನ್ನು ತಪ್ಪಿಸುವ ಪ್ರೋಗ್ರಾಂ ಅದು. ಲಸಾದ್ ಚಳಿಗಾಲವಿಡೀ ಕೂತು ಬರೆದಿದ್ದ. ಕೆಲಸ ಖಾಯಂ ಆಗದವನಿಗೆ ಮಗಳನ್ನು ಕೊಡೆನೆಂದು ಭಾವೀ ಮಾವ ಬೇರೆ ಹೇಳಿಯಾಗಿತ್ತು.

ಆಫೀಸಿನಲ್ಲಿ ಎಲ್ಲರದೂ ವಿಂಡೋಸ್. ಗಾಣದ ಕಂಪ್ಯೂಟರಿನಲ್ಲಿ ಲಿನಕ್ಸ್ ಇದ್ದದ್ದರಿಂದ ಲಸಾದನಿಗೊಬ್ಬನಿಗೆ ಲಿನಕ್ಸ್ ಕೊಟ್ಟಿದ್ದರು. ಅವನು ಆ ಗೀಟಿನ ಹೆಸರು ಹಾಕಿ ಅಳಿಸುವ ಆಜ್ಞೆ ಟೈಪ್ ಮಾಡಿದ.

“ಪ್ರತಿಯೊಂದಕ್ಕೂ ಅಳಿಸ್ಲಾ ಅಳಿಸ್ಲಾ ಅಂತ ತಲೆ ತಿನ್ನುತ್ತೆ. ಕೇಳದ ಹಾಗೆ ಮಾಡು,” ಎಂದ ಪಕ್ಕದ ಕುರ್ಚಿಯ ರೌಫ್, ಬಾಯ್ತುಂಬ ಟ್ಯೂನಾ ಬ್ರೆಡ್ಡು ತುಂಬಿಕೊಂಡು.

ಲಸಾದ್ ಹಾಗೇ ಮಾಡಿದ. ಕಂಪ್ಯೂಟರು ಗೊರಗೊರ ಎಂದಿತು. ಫೋಲ್ಡರು ಮಾತ್ರ ಇದ್ದಲ್ಲೇ ಇತ್ತು.

“ಇನ್ನೊಂದ್ಸಲ ಒತ್ತು.”

ಒತ್ತಿದ. ಪರದೆಯ ಮೇಲಿನ ಭಾವೀ ಹೆಂಡತಿಯ ಫೋಟೋ ಮಾಯವಾಯಿತು.

ರೌಫನ ದವಡೆ ನಿಂತಿತು. “ಲೋ, ಲಿನಕ್ಸಲ್ಲಿ ಆ ಗೀಟು ಅಂದ್ರೆ ‘ನನ್ನ ಮನೆ’ ಅಂತ ಅಲ್ವೇನೋ? ನಿನ್ನ ಫೈಲೆಲ್ಲ ಇರೋ ಜಾಗ!”

ಲಸಾದನಿಗೆ ಗೊತ್ತಿತ್ತು. ವಿಂಡೋಸಿನಲ್ಲಿ ಪಳಗಿದ ಅವನ ಬೆರಳುಗಳಿಗೆ ಗೊತ್ತಿರಲಿಲ್ಲ.

“ಅಳಬೇಡ ಮಾರಾಯ. ನಾನು ಬರೆದುಕೊಟ್ಟ ನಕಲು ತೆಗೆಯೋ ಪ್ರೋಗ್ರಾಂ ದಿನಾ ಓಡ್ತಿತ್ತಲ್ಲ? ನಕಲು ಎಲ್ಲಿಡು ಅಂತ ಅದಕ್ಕೆ ಹೇಳಿದ್ದೆ ನೀನು?”

“ಮನೇಲೇ. ಇದೇ ಗೀಟು ಹಾಕಿದ್ದೆ.”

“ಬೀಗದ ಕೈಯನ್ನ ಪೆಟ್ಟಿಗೆಯೊಳಗಿಟ್ಟು ಬೀಗ ಹಾಕ್ದೆ ಅನ್ನು!”

ಲಸಾದ್ ಮಳೆಗೆ ಸಿಕ್ಕ ಹಪ್ಪಳದಂತೆ ಮೆತ್ತಗಾದ. ಅಷ್ಟರಲ್ಲಿ ರೌಫ್ ತೊಡೆ ತಟ್ಟಿಕೊಂಡ. “ತಡಿ ತಡಿ! ನಾನದನ್ನ ಬರೆದದ್ದು ವಿಂಡೋಸಿಗೆ. ಅದಕ್ಕೆ ಗೀಟು ಅಂದ್ರೆ ಮನೆ ಅಂತ ಗೊತ್ತೇ ಇಲ್ಲ. ಯಾವುದೋ ಫೋಲ್ಡರಿನ ಹೆಸರು ಅಂದ್ಕೊಂಡು, ತಾನು ಓಡೋ ಆಫೀಸಿನ ಡಿಸ್ಕಲ್ಲೇ ಅದೇ ಹೆಸರಿನ ಫೋಲ್ಡರ್ ಮಾಡಿ...”

“ಆ ಕಸ!”

“ಕಸ ಅಲ್ಲ ಕಣೋ, ನಿನ್ನ ಕೆಲಸದ ನಕಲು! ಎರಡು ಸಲ ಒತ್ತಿದ್ರೂ ಹೋಗಲಿಲ್ಲವಲ್ಲ, ನಿನ್ನ ಪುಣ್ಯ!”

ಲಸಾದ್ ಅವನ ಎರಡೂ ಕೆನ್ನೆಗೆ ಮುತ್ತಿಟ್ಟ. ತುಟಿಗೆಲ್ಲ ಟ್ಯೂನಾ ಮೆತ್ತಿತು. ಹೊರಗೆ ಹಾಜಿಯ ಕಾರು ಹಾರ್ನ್ ಹಾಕಿತು. ಲಸಾದ್ ಮದುಮಗನಂತೆ ಮುಖ ತೊಳೆದು, ಕೂದಲು ಬಾಚಿ ಬಂದ. ಸಿ ಶಾದ್ಲಿಯ ಪಕ್ಕದಲ್ಲಿ ಹಾಜಿ ಆಗಲೇ ಕಾಫಿ ಹೀರುತ್ತ ಕೂತಿದ್ದರು.

“ಎಲ್ಲಿ, ತೋರಿಸಪ್ಪ.”

ಲಸಾದ್ ಡಿಸ್ಕು ತೆರೆದ. ಸೊಟ್ಟ ಗೀಟು ಇರಲಿಲ್ಲ. ಮೇಲೆ ನೋಡಿದ, ಕೆಳಗೆ ನೋಡಿದ, ರೌಫನ ಮುಖ ನೋಡಿದ.

ಎದುರು ಮೇಜಿನಿಂದ ರಾದಿಯಾ ಕತ್ತು ಚಾಚಿ ಪಿಸುಗುಟ್ಟಿದಳು: “ಆವಾಗಿನಿಂದ ಅದನ್ನ ಅಳಿಸೋಕೆ ಒದ್ದಾಡ್ತಿದ್ದೆಯಲ್ಲ, ಪಾಪ ಅನ್ನಿಸ್ತು. ನನ್ನ ವಿಂಡೋಸಿಗೆ ಅದು ಮನೆಯೂ ಅಲ್ಲ, ಮಠವೂ ಅಲ್ಲ. ಒಂದೇ ಏಟಿಗೆ ಹೋಯ್ತು. ಪೂರ್ತಿ ಅಳಿಸಿದೀನಿ, ಮತ್ತೆ ಕಾಟ ಕೊಡಲ್ಲ. ಥ್ಯಾಂಕ್ಸ್ ಎಲ್ಲ ಬೇಡಪ್ಪ. ನಿಶ್ಚಿತಾರ್ಥದ ದಿನ ನನಗೊಂದು ಬಕ್ಲಾವಾ ಜಾಸ್ತಿ ಇಡ್ಸು, ಸಾಕು.”